ಪೈತಾನ್ ಒಳಗೆ ಅವಿತಿರೋ ಹಳೇ ಕಲ್ಕತ್ತಾ ಗಡಿಯಾರ

ಸಂಜೆ 6ಕ್ಕೆ ಬರಬೇಕಿದ್ದ ರಿಮೈಂಡರ್ 5:37ಕ್ಕೇ ಬಂತು. ಕೋಡ್ ಹತ್ತು ಸಲ ನೋಡಿದ್ರೂ ತಪ್ಪು ಸಿಗ್ತಿಲ್ಲ. ಈ 23 ನಿಮಿಷ ಎಲ್ಲಿಂದ ಬಂತು ಗೊತ್ತಾ? ಬ್ರಿಟಿಷರ ಕಾಲದಿಂದ!

ಪೈತಾನ್‌ನ ಪೈಟಿಝಡ್ ಲೈಬ್ರರಿಯ 'ಏಷ್ಯಾ/ಕೋಲ್ಕತಾ' ವಲಯವನ್ನ ನೇರವಾಗಿ ಡೇಟ್‌ಟೈಮ್‌ಗೆ ಕೊಟ್ಟು ನೋಡಿ. 5:30 ಬದಲು 5:53 ಬರತ್ತೆ. ಯಾಕಂದ್ರೆ ಅದು ಆ ಊರಿನ ಇತಿಹಾಸದ ಮೊದಲನೇ ಸಾಲನ್ನೇ ಎತ್ಕೊಳ್ಳತ್ತೆ. ಆ ಸಾಲಲ್ಲಿರೋದು ಕಲ್ಕತ್ತಾದ ಸೂರ್ಯನ ಸಮಯ: ಗ್ರೀನಿಚ್‌ಗಿಂತ 5 ಗಂಟೆ 53 ನಿಮಿಷ 28 ಸೆಕೆಂಡ್ ಮುಂದೆ.

ಆಗ ಪ್ರತಿ ಊರಿಗೂ ಅದರದ್ದೇ ಮಧ್ಯಾಹ್ನ. ರೈಲು ಬಂದ ಮೇಲೆ ಅದು ಸಾಗಲಿಲ್ಲ. ಬಾಂಬೆಗೂ ಕಲ್ಕತ್ತಾಗೂ ನಡುವೆ ಬರೋ ಮದ್ರಾಸ್ ಸಮಯವನ್ನ (5:21:10) ರೈಲುಗಳು ಹಿಡಿದವು. 1906ರ ಜನವರಿ 1ಕ್ಕೆ ಈಗಿನ 5:30 ಬಂತು. ಈ ಸಾಲುಗಳೆಲ್ಲ ಇವತ್ತಿಗೂ ನಿಮ್ಮ ಫೋನಲ್ಲಿರೋ ಸಮಯವಲಯದ ದತ್ತಾಂಶದಲ್ಲಿವೆ. ಆದ್ರೆ ಇಡೀ ಭಾರತಕ್ಕೆ ಅಲ್ಲಿ ಒಂದೇ ವಲಯ. ಹೊಸ ಸಮಯ ಒಪ್ಪದೆ ದಶಕಗಳ ಕಾಲ ಹಟ ಹಿಡಿದ ಬಾಂಬೆ ಸಮಯಕ್ಕೆ ಅಲ್ಲಿ ಜಾಗವೇ ಇಲ್ಲ.

ಇನ್ನೊಂದು ಸಾಲು ನಮ್ಮ ಮನೆಗಳಿಗೇ ಬರತ್ತೆ. ಎರಡನೇ ಮಹಾಯುದ್ಧದಲ್ಲಿ, 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ 15ರವರೆಗೆ, ದೇಶದ ಗಡಿಯಾರ ಒಂದು ಗಂಟೆ ಮುಂದಿತ್ತು: 6:30. ನಿಮ್ಮ ಅಜ್ಜಿ 1943ರಲ್ಲಿ ಬೆಳಿಗ್ಗೆ 7ಕ್ಕೆ ಹುಟ್ಟಿದ್ರು ಅಂತ ಬರೆದಿಟ್ಟಿದ್ರೆ, ಇವತ್ತಿನ ಲೆಕ್ಕದಲ್ಲಿ ಅದು 6 ಗಂಟೆ ಇರಬಹುದು. ಜಾತಕ ಬರೆಯೋರು ಆ ವರ್ಷಗಳಿಗೆ ಒಂದು ಗಂಟೆ ಕಳೀತಾರೆ. ಲಗ್ನ ಸುಮಾರು ಎರಡು ಗಂಟೆಗೊಮ್ಮೆ ಬದಲಾಗತ್ತಲ್ಲ, ಅದಕ್ಕೆ. ಜಾತಕ ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ಲೆಕ್ಕ ಮಾತ್ರ ಸರಿ.

ಹಾಗಾದ್ರೆ ಕೋಡಲ್ಲಿ ಏನ್ ಮಾಡ್ಬೇಕು? ಪೈಟಿಝಡ್ ಬಳಸೋದಾದ್ರೆ ಲೋಕಲೈಝ್ ಅಂತ ಕರೀರಿ. ಇಲ್ಲಾಂದ್ರೆ ಪೈತಾನ್ 3.9ರಿಂದ ಜೊತೆಗೇ ಬರೋ ಝೋನ್‌ಇನ್ಫೋ ಬಳಸಿ. ಅದಕ್ಕೆ 1943ರ ದಿನಾಂಕ ಕೊಡಿ, 6:30 ಅನ್ನತ್ತೆ. ಇವತ್ತಿನದು ಕೊಡಿ, 5:30 ಅನ್ನತ್ತೆ. ಎಲ್ಲ ಕಾಲಕ್ಕೂ 5:30 ಅಂತ ನೀವೇ ಕೈಯಾರೆ ಕೂಡಿಸಬೇಡಿ. ದಿನಾಂಕ ಗೊತ್ತಿಲ್ಲದೆ ಸಮಯ ಹೇಳೋಕಾಗಲ್ಲ, ಅಷ್ಟೇ ವಿಷಯ.

ಮನೇಲಿ ಆ ಮೂರು ವರ್ಷದಲ್ಲಿ ಹುಟ್ಟಿದವರು ಇದ್ದಾರಾ? ಅವರ ಹಳೇ ಜಾತಕ ತೆಗೆಸಿ ನೋಡಿ, ಏನ್ ಸಿಕ್ತು ಅಂತ ಕಾಮೆಂಟಲ್ಲಿ ಹೇಳಿ.

#ಕೋಡ್‌ಒಳಗಿನಇತಿಹಾಸ #ಪೈತಾನ್ #ಕನ್ನಡದಲ್ಲಿಕೋಡಿಂಗ್