ಕಿಲ್ಟ್ ಉಟ್ಟು ಕೂರುವುದು

ಮಗನ ಮದುವೆಗೆಂದು ಸ್ಕಾಟ್ಲೆಂಡಿನ ಇನ್ವರ್ನೆಸ್‌ಗೆ ಹೋದಾಗ ನನ್ನನ್ನು ಕಾಡಿದ್ದು ಚಳಿಯೂ ಅಲ್ಲ, ಊಟವೂ ಅಲ್ಲ ಮಾರಾಯ್ರೆ. ಕಿಲ್ಟ್! ಹುಡುಗಿ ಅಲ್ಲಿಯವಳು. ವರನ ತಂದೆಯೂ ಕಿಲ್ಟ್ ಉಡಬೇಕೆಂದು ಬೀಗರ ಆಸೆ. ಬಾಡಿಗೆಗೆ ತಂದರು, ಉಟ್ಟಿದ್ದೂ ಆಯಿತು. ಮೂವತ್ತು ವರ್ಷ ಬ್ಯಾಂಕಿನ ಕುರ್ಚಿ ಸವೆಸಿದ ನನಗೆ ಅವತ್ತು ಕೂರಲು ಬರಲಿಲ್ಲ. ಹಿಂದಿನ ನೆರಿಗೆಯೆಲ್ಲ ಮುದ್ದೆಯಾಗಿ, ಮುಂದಿನ ಬಟ್ಟೆ ಮೇಲೆ ಸರಿದು... ಹೆಂಡತಿ ಬೇರೆ ಕಡೆ ನೋಡತೊಡಗಿದಳು.

ಬೀಗರು ಪಕ್ಕಕ್ಕೆ ಕರೆದು ತೋರಿಸಿಕೊಟ್ಟರು. ಕುರ್ಚಿಗೆ ಬೆನ್ನು ಮಾಡಿ ನಿಲ್ಲಬೇಕು. ಎರಡೂ ಕೈಯಿಂದ ಸೊಂಟದ ಕೆಳಗಿನಿಂದ ನೆರಿಗೆಗಳನ್ನು ನೇರ ಕೆಳಕ್ಕೆ ಸವರಿ, ಸವರುತ್ತಲೇ ಕೂರಬೇಕು. ಮಂಡಿ ತೀರಾ ಅಗಲಿಸಬಾರದು. ಮುಂದೆ ನೇತಾಡುವ ಚರ್ಮದ ಚೀಲ, ಅದಕ್ಕೆ ಸ್ಪೋರನ್ ಎನ್ನುತ್ತಾರೆ, ಅದನ್ನು ತೊಡೆಗಳ ನಡುವೆ ಇಳಿಬಿಟ್ಟರೆ ಅದರ ಭಾರಕ್ಕೆ ಬಟ್ಟೆ ಅಲ್ಲಾಡುವುದಿಲ್ಲ. ಕಿಲ್ಟ್‌ಗೆ ಜೇಬಿಲ್ಲ ನೋಡಿ, ದುಡ್ಡು ಇಡುವುದೂ ಅದರಲ್ಲೇ. ಸೀರೆಗೆ ನೆರಿಗೆ ಮುಂದೆ, ಇವರಿಗೆ ಹಿಂದೆ. ಪೂರ್ಣ ಕಿಲ್ಟ್‌ಗೆ ಸುಮಾರು 8 ಗಜ ಉಣ್ಣೆ ಬಟ್ಟೆ ಬೇಕು. ನಮ್ಮ ಮರಾಠಿ ನೌವಾರಿಗಿಂತ ಒಂದೇ ಗಜ ಕಮ್ಮಿ!

ಮೊದಲು ಹೀಗಿರಲಿಲ್ಲವಂತೆ. 16ನೇ ಶತಮಾನದ ಕೊನೆಯ ಹೊತ್ತಿಗೆ ಹೈಲ್ಯಾಂಡ್ ಗುಡ್ಡಗಾಡಿನವರು ಉಡುತ್ತಿದ್ದುದು ಹೊಲಿಗೆಯೇ ಇಲ್ಲದ ದೊಡ್ಡ ಕಂಬಳಿ. ಸೊಂಟಕ್ಕೆ ನೆರಿಗೆ ಹಿಡಿದು ಬೆಲ್ಟ್ ಬಿಗಿದು, ಉಳಿದದ್ದನ್ನು ಹೆಗಲಿಗೆ ಹಾಕುವುದು. ರಾತ್ರಿ ಬಿಚ್ಚಿದರೆ ಅದೇ ಹೊದಿಕೆ. ಕೆಳಗಿನ ಅರ್ಧ ಮಾತ್ರ ಬೇರೆಯಾಗಿ ಗಿಡ್ಡ ಕಿಲ್ಟ್ ಬಂದದ್ದು 18ನೇ ಶತಮಾನದ ಆರಂಭದಲ್ಲಿ. ಕಬ್ಬಿಣದ ಕುಲುಮೆ ನಡೆಸಲು ಬಂದ ಥಾಮಸ್ ರಾಲಿನ್ಸನ್ ಎಂಬ ಇಂಗ್ಲಿಷಿನವನು ಕೆಲಸಗಾರರ ಅನುಕೂಲಕ್ಕೆಂದು ಇದನ್ನು ಮಾಡಿಸಿದ ಎಂದು 1785ರಲ್ಲಿ ಅಚ್ಚಾದ ಒಂದು ಪತ್ರ ಹೇಳುತ್ತದೆ. ಇತಿಹಾಸಕಾರ ಹ್ಯೂ ಟ್ರೆವರ್ ರೋಪರ್ 1983ರಲ್ಲಿ ಇದನ್ನೇ ಎತ್ತಿ ಆಡಿದ್ದಕ್ಕೆ ಅಲ್ಲಿ ಹಲವರಿಗೆ ಇನ್ನೂ ಸಿಟ್ಟು. ನಮ್ಮ ಬೀಗರ ಎದುರು ಆ ಹೆಸರು ತೆಗೆಯುವ ಹಾಗಿಲ್ಲ.

ಮದುವೆಯ ಮರುದಿನ ಕಲೋಡನ್ ಬಯಲಿಗೆ ಕರೆದೊಯ್ದರು, ಹತ್ತಿರವೇ. 1746ರ ಏಪ್ರಿಲ್ 16ರಂದು ಸರ್ಕಾರಿ ಸೈನ್ಯದೆದುರು ಜಾಕೋಬೈಟ್ ಬಂಡಾಯಗಾರರು ಸೋತ ಜಾಗ. ಯುದ್ಧ ಒಂದು ಗಂಟೆಯೂ ನಡೆಯಲಿಲ್ಲ. ಅದೇ ವರ್ಷ ಪಾರ್ಲಿಮೆಂಟ್ ಕಾನೂನು ಮಾಡಿತು: 1747ರ ಆಗಸ್ಟ್ 1ರಿಂದ ಸ್ಕಾಟ್ಲೆಂಡಿನಲ್ಲಿ ಗಂಡಸರಾಗಲಿ ಹುಡುಗರಾಗಲಿ ಹೈಲ್ಯಾಂಡ್ ಉಡುಪು ತೊಡಬಾರದು. ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳ ಜೈಲು, ಎರಡನೇ ಸಲ ಏಳು ವರ್ಷ ಕಡಲಾಚೆ ಗಡೀಪಾರು. ಆದರೆ ರಾಜನ ಸೈನ್ಯಕ್ಕೆ ಸೇರಿದರೆ ಉಡಬಹುದು! ಕಾನೂನು ರದ್ದಾದದ್ದು 1782ರಲ್ಲಿ. 35 ವರ್ಷ ಎಂದರೆ ಒಂದು ತಲೆಮಾರು ಉಡದೆಯೇ ಬೆಳೆದಿತ್ತು. ನೆರಿಗೆಯನ್ನು ಹೊಲಿದು ಕೂರಿಸುವ ಕ್ರಮ 1790ರ ದಶಕದಲ್ಲಿ ಸೈನ್ಯದ ಕಿಲ್ಟ್‌ಗಳಲ್ಲಿ ಕಾಣುತ್ತದೆ. 1822ರಲ್ಲಿ ನಾಲ್ಕನೇ ಜಾರ್ಜ್ ರಾಜನೇ ಎಡಿನ್‌ಬರೋದಲ್ಲಿ ಕಿಲ್ಟ್ ಉಟ್ಟು, ಒಳಗೆ ಗುಲಾಬಿ ಬಣ್ಣದ ಬಿಗಿ ಕಾಲುಚೀಲ ತೊಟ್ಟು ಮೆರೆದ. ವ್ಯವಸ್ಥೆಯೆಲ್ಲ ಕಾದಂಬರಿಕಾರ ವಾಲ್ಟರ್ ಸ್ಕಾಟ್‌ನದು. ಮುಂಚೆ ಹೈಲ್ಯಾಂಡಿನವರನ್ನು ಕಳ್ಳರೆಂದು ಕರೆಯುತ್ತಿದ್ದ ಬಯಲಿನ ದೊಡ್ಡಮನುಷ್ಯರೂ ಆಮೇಲೆ ಉಡತೊಡಗಿದರು.

ಆ ಬಯಲಿನಲ್ಲಿ ನನಗೆ ಅಪ್ಪ ನೆನಪಾದರು. ಊರಿನಲ್ಲಿ ಪಂಚೆ ಉಟ್ಟು ಕೂರುವ ರೀತಿ ನನಗೆ ಬೈದು ಕಲಿಸಿದವರು. ಎತ್ತಿ ಕಟ್ಟಿದ್ದನ್ನು ಹಿರಿಯರೆದುರು ಇಳಿಸಬೇಕು, ಕೂರುವಾಗ ಅಂಚನ್ನು ಮಂಡಿಯ ಕೆಳಗೆ ಸಿಕ್ಕಿಸಬೇಕು. 1998ರಲ್ಲಿ ಅವರು ಮುಂಬಯಿಗೆ ಬಂದಾಗ ನಮ್ಮ ಆಫೀಸಿನ ಸಮಾರಂಭವೊಂದಿತ್ತು. "ಅಪ್ಪಾ, ಅಲ್ಲಿಗೆ ಪ್ಯಾಂಟ್ ಹಾಕಿ" ಎಂದಿದ್ದೆ. ಯಾವ ಕಾನೂನೂ ಇರಲಿಲ್ಲ, ನನ್ನದೇ ನಾಚಿಕೆ. ಅಪ್ಪ ಏನೂ ಹೇಳದೆ ನನ್ನ ಪ್ಯಾಂಟ್ ಹಾಕಿಕೊಂಡು ಬಂದರು. ಸೊಂಟ ಸಡಿಲ. ಮೂರು ಗಂಟೆ ಒಂದೇ ಕಡೆ ಕೂತಿದ್ದರು.

ಬರುವ ತಿಂಗಳು ಬೀಗರು ಡೊಂಬಿವಲಿಗೆ ಬರುತ್ತಾರೆ. ಪಂಚೆ ಉಡಲೂ ಕೂರಲೂ ಕಲಿಸಬೇಕೆಂದು ಫೋನಿನಲ್ಲೇ ಹೇಳಿಬಿಟ್ಟಿದ್ದಾರೆ. ಅಪ್ಪನ ಒಂದು ಜೊತೆ ಟ್ರಂಕಿನಲ್ಲಿದೆ. ಆಳು ಆರಡಿ ಮೇಲೆ, ಉದ್ದ ಸಾಲುತ್ತದೋ ಇಲ್ಲವೋ ತೆಗೆದು ನೋಡಬೇಕು.