ಹಡಗಿನ ಅಳತೆಗೆ ಹೊಲಿದ ವಿಮಾನ: ಫ್ರೆಂಚ್ ನೌಕಾಪಡೆಯ ಲ್ವಾರ್ 130

ಎರಡನೆಯ ಮಹಾಯುದ್ಧದ ವಿಮಾನಗಳ ಬಗ್ಗೆ ಬರೆಯುವಾಗ ವೇಗ, ಎತ್ತರ, ಶಸ್ತ್ರ ಈ ಮೂರನ್ನು ನೋಡಿ ಅಂಕ ಕೊಡುವುದು ರೂಢಿ. ಈ ಲೆಕ್ಕದಲ್ಲಿ ಲ್ವಾರ್ 130 ಪಾಸಾಗುವುದೇ ಕಷ್ಟ. ಗಂಟೆಗೆ 220 ಕಿ.ಮೀ. ವೇಗ, 7.5 ಮಿ.ಮೀ. ವ್ಯಾಸದ ಎರಡು ಡಾರ್ನ್ ಮೆಷಿನ್‌ಗನ್, 75 ಕಿಲೋ ತೂಕದ ಒಂದೆರಡು ಬಾಂಬು: ಇಷ್ಟೇ ಅದರ ಬಂಡವಾಳ. 1939ರ ಹೊತ್ತಿಗೆ ಹೊಸ ಪೀಳಿಗೆಯ ಫೈಟರ್ ವಿಮಾನಗಳು ಇದರ ಎರಡು ಪಟ್ಟಿಗಿಂತ ಹೆಚ್ಚು ವೇಗದಲ್ಲಿ ಹಾರುತ್ತಿದ್ದವು. ಆದರೂ ಸುಮಾರು 125ರಷ್ಟು ಸಂಖ್ಯೆಯಲ್ಲಿ ತಯಾರಾದ ಈ ಹಾರುದೋಣಿ ಫ್ರಾನ್ಸಿನ ದೊಡ್ಡ ಯುದ್ಧನೌಕೆಗಳಿಂದ ಹಿಡಿದು ಇಂಡೋಚೀನಾದ ತೀರದವರೆಗೆ ದುಡಿಯಿತು. ಇದರ ರೂಪವನ್ನು ತೀರ್ಮಾನಿಸಿದ್ದು ಆಕಾಶಕ್ಕಿಂತ ಹೆಚ್ಚಾಗಿ ಹಡಗು ಎಂಬುದು ಈ ಲೇಖನದ ವಾದ. ಅದರ ಕುಂದುಗಳನ್ನೂ ಗುಣಗಳನ್ನೂ ಹಡಗಿನ ಕಡೆಯಿಂದಲೇ ತೂಗಬೇಕು.

ಮೊದಲು ಹಡಗಿಗೆ ವಿಮಾನ ಏಕೆ ಬೇಕಾಯಿತು ಎಂಬುದನ್ನು ನೋಡೋಣ. 1937ರಲ್ಲಿ ಸೇವೆಗೆ ಬಂದ ಡಂಕರ್ಕ್ ಯುದ್ಧನೌಕೆಯ 330 ಮಿ.ಮೀ. ತೋಪುಗಳ ಗುಂಡು 40 ಕಿ.ಮೀ.ಗೂ ಆಚೆ ಬೀಳಬಲ್ಲದಾಗಿತ್ತು. ಆದರೆ ಸಮುದ್ರಮಟ್ಟದಿಂದ 30 ಮೀಟರ್ ಎತ್ತರದಲ್ಲಿ ನಿಂತವನಿಗೆ ಕಾಣುವ ದಿಗಂತ 20 ಕಿ.ಮೀ. ಆಸುಪಾಸಿನದು. ಎದುರಿನ ಹಡಗಿನ ಕೂವೆಕಂಬದ ತುದಿ ಇನ್ನಷ್ಟು ದೂರದಿಂದ ಕಾಣಿಸೀತು, ಆದರೆ ಗುಂಡು ಗುರಿಯ ಹಿಂದೆ ಬಿತ್ತೋ ಮುಂದೆ ಬಿತ್ತೋ ತಿಳಿಯಲು ಅದು ಸಾಲದು. ಒಂದು ಸಾವಿರ ಮೀಟರ್ ಮೇಲೇರಿದರೆ ಅದೇ ದಿಗಂತ 110 ಕಿ.ಮೀ. ದಾಟುತ್ತದೆ. ರೇಡಾರ್ ಬರುವ ಮೊದಲು, ತನ್ನ ತೋಪಿನಷ್ಟು ದೂರ ತನ್ನ ಕಣ್ಣೂ ಓಡಬೇಕೆಂದರೆ ಹಡಗಿಗೆ ಇದ್ದ ದಾರಿ ವಿಮಾನವೊಂದೇ.

ಡಂಕರ್ಕ್ ಮತ್ತು ಅದರ ಜೋಡಿ ಸ್ಟ್ರಾಸ್‌ಬರ್ಗ್ ಎರಡರಲ್ಲೂ ಎಂಟು ಪ್ರಧಾನ ತೋಪುಗಳನ್ನು ನಾಲ್ಕು ನಾಲ್ಕರಂತೆ ಎರಡು ಗೋಪುರಗಳಲ್ಲಿ ಮುಂಭಾಗದಲ್ಲೇ ಕೂರಿಸಲಾಗಿತ್ತು. ಹಾಗಾಗಿ ಹಿಂಭಾಗ ತೆರವಾಯಿತು, ಅಲ್ಲಿ ಹ್ಯಾಂಗರ್, ಕ್ರೇನ್ ಮತ್ತು ವಿಮಾನವನ್ನು ಎಸೆದು ಹಾರಿಸುವ ಕ್ಯಾಟಪಲ್ಟ್ ಬಂದವು. ಹಿಂದಿನ ಅನೇಕ ಹಡಗುಗಳಲ್ಲಿ ಇದ್ದ ಜಾಗದಲ್ಲಿ ಹೇಗೋ ತುರುಕಿದ್ದ ವಿಮಾನಕ್ಕೆ ಇಲ್ಲಿ ನಕ್ಷೆಯಲ್ಲೇ ಮನೆ ಮೀಸಲಾಗಿತ್ತು. ಆ ಮನೆಯ ಬಾಗಿಲಿಗೆ ತಕ್ಕ ಮೈಕಟ್ಟಿನ ವಿಮಾನವನ್ನು ಹುಡುಕುವುದು ನೌಕಾಪಡೆಯ ಮುಂದಿನ ಕೆಲಸವಾಯಿತು. ಆಗ ಬಳಕೆಯಲ್ಲಿದ್ದ ಗುರ್ದೂ ಲೆಸರ್ ಫ್ಲೋಟ್ ವಿಮಾನಗಳೂ 1926ರಲ್ಲಿ ಮೊದಲು ಹಾರಿದ ಕಾಮ್ಸ್ 37 ಎಂಬ ಜೋಡಿರೆಕ್ಕೆಯ ಹಾರುದೋಣಿಯೂ ಹಳತಾಗಿದ್ದವು.

ಉತ್ತರ ಬಂದದ್ದು ಹಡಗು ಕಟ್ಟುವವರಿಂದಲೇ. ಲ್ವಾರ್ ನದಿ ಸಮುದ್ರ ಸೇರುವಲ್ಲಿರುವ ಸ್ಯಾಂ ನಜೇರ್ ಪಟ್ಟಣದ ಹಡಗುಕಟ್ಟೆಯೊಂದರ ವಿಮಾನ ವಿಭಾಗವಾಗಿ ಹುಟ್ಟಿದ ಲ್ವಾರ್ ಕಂಪನಿ ಈ ಮಾದರಿಯನ್ನು ರೂಪಿಸಿತು. ಸ್ಟ್ರಾಸ್‌ಬರ್ಗ್ ನೌಕೆಯನ್ನು ನೀರಿಗಿಳಿಸಿದ್ದು ಅದೇ ಊರಿನ ಇನ್ನೊಂದು ಹಡಗುಕಟ್ಟೆ. ನೌಕೆಯೂ ಅದರ ವಿಮಾನವೂ ಒಂದೇ ಊರಿನವು ಎಂಬುದನ್ನು ನಾನು ಬರೀ ಕಾಕತಾಳೀಯ ಎಂದು ಬದಿಗಿಡಲಾರೆ. ರಿವೆಟ್ ಹೊಡೆಯುವ ಕೈಗಳಿಗೂ ಅಲೆಯ ಹೊಡೆತ ಗೊತ್ತಿದ್ದ ಊರು ಅದು. ಮೊದಲ ಮಾದರಿ 1934ರ ನವೆಂಬರ್ 19ರಂದು ಹಾರಿತು. ಪರೀಕ್ಷೆ, ತಿದ್ದುಪಡಿಗಳು ಮುಗಿದು ಹಡಗುಗಳಿಗೆ ಅದು ಸೇರತೊಡಗುವಷ್ಟರಲ್ಲಿ 1937 ಬಂದಿತ್ತು. ಈ ನಡುವೆ ಸರ್ಕಾರ ವಿಮಾನೋದ್ಯಮವನ್ನು ರಾಷ್ಟ್ರೀಕರಿಸಿತು, ಕಂಪನಿ ಸಾರ್ವಜನಿಕ ಸಂಸ್ಥೆಯೊಂದರಲ್ಲಿ ಕರಗಿತು. ಆ ಕಥೆ ಇಲ್ಲಿ ಬೇಡ.

ವಿಮಾನದ ಅಂಗಾಂಗಗಳನ್ನು ಒಂದೊಂದಾಗಿ ನೋಡಿದರೆ ಹಡಗಿನ ಗುರುತು ಕಾಣಿಸುತ್ತದೆ. 16 ಮೀಟರ್ ಅಗಲದ ರೆಕ್ಕೆಗಳು ಹಿಂದಕ್ಕೆ ಮಡಚುತ್ತವೆ, ಏಕೆಂದರೆ ಹ್ಯಾಂಗರ್ ಕಿರಿದು. ತುಂಬಿದ ತೂಕ ಮೂರೂವರೆ ಟನ್ ಸುಮಾರಿನದು, ಏಕೆಂದರೆ ಕ್ರೇನ್ ಎತ್ತಬೇಕು, ಕ್ಯಾಟಪಲ್ಟ್ ಎಸೆಯಬೇಕು. ಒತ್ತಡದ ಗಾಳಿಯಿಂದ ನಡೆಯುತ್ತಿದ್ದ ಕ್ಯಾಟಪಲ್ಟ್‌ನ ಹಳಿ ಇಪ್ಪತ್ತು ಮೀಟರ್ ಸುಮಾರಿನದು ಎಂದಿಟ್ಟುಕೊಳ್ಳಿ. ಅಷ್ಟರೊಳಗೆ ಗಂಟೆಗೆ 100 ಕಿ.ಮೀ. ವೇಗ ಬರಬೇಕಾದರೆ ವಿಮಾನದ ಪ್ರತಿ ಕೀಲಿನ ಮೇಲೂ ಗುರುತ್ವದ ಎರಡು ಪಟ್ಟಿನಷ್ಟು ಬಲ ಬೀಳುತ್ತದೆ. ಇದನ್ನು ದಿನವೂ ತಾಳಿಕೊಳ್ಳುವ ಲೋಹದ ಚೌಕಟ್ಟು ಹಗುರವಾಗಿರಲು ಸಾಧ್ಯವಿಲ್ಲ. ವೇಗದ ಒಂದು ಪಾಲು ಇಲ್ಲೇ ಖರ್ಚಾಗಿ ಹೋಯಿತು. ಇನ್ನೊಂದು ಪಾಲು ರೆಕ್ಕೆಯ ಮೇಲೆ ಕಂಬಗಳ ಆಸರೆಯಲ್ಲಿ ನಿಂತ 720 ಅಶ್ವಶಕ್ತಿಯ ಹಿಸ್ಪಾನೊ ಸುಯಿಜಾ ಎಂಜಿನ್ನಿಗೆ ಸಂದಿತು. ಪ್ರೊಪೆಲ್ಲರ್ ಹಿಂದಕ್ಕೆ ಮುಖ ಮಾಡಿ ತಳ್ಳುತ್ತಿತ್ತು. ಗಾಳಿಗೆ ಇದು ದೊಡ್ಡ ಅಡ್ಡಿ. ಆದರೆ ಉಪ್ಪುನೀರಿನ ಸಿಡಿತ ಪ್ರೊಪೆಲ್ಲರ್ ತಲುಪುತ್ತಿರಲಿಲ್ಲ, ಮುಂದೆ ಕುಳಿತವನ ನೋಟಕ್ಕೆ ತಡೆಯೇ ಇರಲಿಲ್ಲ. ನೋಡುವುದೇ ಕಸುಬಾದ ವಿಮಾನಕ್ಕೆ ಇದು ನಷ್ಟದ ವ್ಯಾಪಾರವಲ್ಲ.

ಬ್ರಿಟಿಷರ ಸೂಪರ್‌ಮರೀನ್ ವಾಲ್ರಸ್ ಕೂಡ ಹಿಂದಿನಿಂದ ತಳ್ಳುವ ಎಂಜಿನ್ನಿನ ಹಾರುದೋಣಿಯೇ. ಅದರ ವೇಗವೂ ಹೆಚ್ಚುಕಡಿಮೆ ಇಷ್ಟೇ. ಒಂದೇ ಬಗೆಯ ಕಟ್ಟುಪಾಡು ಎರಡು ದೇಶಗಳನ್ನು ಒಂದೇ ಬಗೆಯ ಉತ್ತರಕ್ಕೆ ತಂದಿತು ಎನ್ನಬಹುದು. ಆದರೆ ಜರ್ಮನರು ಬೇರೆ ದಾರಿ ಹಿಡಿದರು. ಅವರ ಅರಾಡೊ 196 ಫ್ಲೋಟ್ ವಿಮಾನ ಗಂಟೆಗೆ 300 ಕಿ.ಮೀ. ಮೀರುತ್ತಿತ್ತು, 20 ಮಿ.ಮೀ. ಫಿರಂಗಿ ಹೊತ್ತಿತ್ತು. ಲ್ವಾರ್ ಬೆಂಬಲಿಗರು ಇದನ್ನು ಒಪ್ಪಿಕೊಳ್ಳಲೇಬೇಕು: ಕ್ಯಾಟಪಲ್ಟ್ ವಿಮಾನವಾದರೆ ನಿಧಾನಿಯೇ ಆಗಬೇಕೆಂಬ ನಿಯಮವೇನೂ ಇರಲಿಲ್ಲ. ಫ್ರೆಂಚರು ದೋಣಿಯ ಒಡಲನ್ನೂ ಮೂವರು ಸಿಬ್ಬಂದಿಯ ಅನುಕೂಲವನ್ನೂ 1,100 ಕಿ.ಮೀ. ಹಾರಾಟದ ವ್ಯಾಪ್ತಿಯನ್ನೂ ಆರಿಸಿಕೊಂಡರು, ಅದಕ್ಕೆ ವೇಗದಲ್ಲಿ ಬೆಲೆ ತೆತ್ತರು. ಬೇಹಿನ ಕೆಲಸ ಮಾತ್ರ ಎಣಿಸಿದರೆ ಈ ಆಯ್ಕೆ ಸರಿ. ಎದುರಾಳಿಯ ವಿಮಾನ ಸುಳಿದಾಡುವ ಕಡಲಿನಲ್ಲಿ ಅದು ಅಪಾಯಕಾರಿ.

ವಿಮಾನ ಎರಡು ಬಗೆಗಳಲ್ಲಿ ತಯಾರಾಯಿತು. ಫ್ರಾನ್ಸಿನ ಕಡಲಿಗೆ ಎಂ ಮಾದರಿ, ವಸಾಹತುಗಳ ಬಿಸಿಲಿಗೆ ದೊಡ್ಡ ರೇಡಿಯೇಟರಿನ ಗಟ್ಟಿಮುಟ್ಟಾದ ಸಿ ಮಾದರಿ. ಯುದ್ಧನೌಕೆಗಳಲ್ಲದೆ ಕ್ರೂಸರ್‌ಗಳೂ ನಾಲ್ಕು ಕ್ಯಾಟಪಲ್ಟ್‌ಗಳ ಕಮಾಂಡಾಂ ತೆಸ್ತ್ ಎಂಬ ಜಲವಿಮಾನವಾಹಕ ಹಡಗೂ ಇದನ್ನು ಬಳಸಿದವು. ಹಾರಿದ ವಿಮಾನವನ್ನು ಮರಳಿ ಹತ್ತಿಸಿಕೊಳ್ಳುವುದೇ ಪ್ರತಿ ಸಲದ ಪರೀಕ್ಷೆ. ಹಡಗು ತಿರುವು ತೆಗೆದುಕೊಂಡು ತನ್ನ ಮರೆಯಲ್ಲಿ ಅಲೆ ತಗ್ಗಿಸಬೇಕು, ವಿಮಾನ ಆ ನೀರಿನಲ್ಲಿ ಇಳಿದು ಕ್ರೇನಿನ ಕೆಳಗೆ ಬರಬೇಕು, ಒಬ್ಬ ಮೇಲೆ ಹತ್ತಿ ಕೊಕ್ಕೆ ಸಿಕ್ಕಿಸಬೇಕು. ಅಷ್ಟು ಹೊತ್ತೂ ಹಡಗಿನ ವೇಗ ಕುಗ್ಗಿರುತ್ತದೆ. ಸಬ್‌ಮರೀನ್ ಭಯವಿರುವ ಕಡಲಿನಲ್ಲಿ ಯಾವ ಕಪ್ತಾನನೂ ಇದನ್ನು ಖುಷಿಯಿಂದ ಮಾಡುವುದಿಲ್ಲ.

ವಿಪರ್ಯಾಸವೆಂದರೆ, ಈ ವಿಮಾನಕ್ಕೆ ಹೆಸರು ತಂದ ಕಾರ್ಯಾಚರಣೆ ನಡೆದದ್ದು ಕ್ಯಾಟಪಲ್ಟ್‌ನಿಂದಲ್ಲ, ತೀರದ ನೆಲೆಯಿಂದ. 1941ರ ಜನವರಿಯಲ್ಲಿ ಥಾಯ್ಲೆಂಡ್ ಮತ್ತು ಫ್ರೆಂಚ್ ಇಂಡೋಚೀನಾ ನಡುವೆ ಗಡಿಯುದ್ಧ ನಡೆದಿತ್ತು. ಕಪ್ತಾನ ರೆಜಿಸ್ ಬೆರಾಂಜೆ ಲಾಮೊತ್ ಪಿಕೆ ಕ್ರೂಸರ್ ಮತ್ತು ನಾಲ್ಕು ಸಣ್ಣ ನೌಕೆಗಳೊಂದಿಗೆ ಥಾಯ್ ಕೊಲ್ಲಿಗೆ ಹೊರಟ. ಶತ್ರು ಎಲ್ಲಿದ್ದಾನೆಂದು ಹುಡುಕಿದ್ದು ಕಾಂಬೋಡಿಯಾದ ರೀಮ್ ನೆಲೆಯ ಲ್ವಾರ್ 130 ವಿಮಾನಗಳು. ಥಾಯ್ ಹಡಗುಗಳು ಕೊ ಚಾಂಗ್ ದ್ವೀಪದ ಬಳಿ ಲಂಗರು ಹಾಕಿವೆಯೆಂಬ ವರದಿಯ ಮೇಲೆ 17ರ ನಸುಕಿನಲ್ಲಿ ದಾಳಿ ನಡೆಯಿತು. ಸೂರ್ಯ ಹುಟ್ಟುವ ಮುನ್ನ ಖಚಿತಪಡಿಸಿಕೊಳ್ಳಲು ಒಂದು ಲ್ವಾರ್ ಲಂಗರಿನ ಮೇಲೆ ಹಾದುಹೋಯಿತು. ಫ್ರೆಂಚರಿಗೆ ಎದುರಾಳಿಯ ಬಲ ತಿಳಿಯಿತು, ಥಾಯ್ ನಾವಿಕರಿಗೆ ದಾಳಿಯ ಸುಳಿವೂ ಸಿಕ್ಕಿತು. ವಿಮಾನಗಳು ಬಾಂಬು ಹಾಕಲೂ ನೋಡಿದವು, ಆದರೆ ಕೆಳಗಿನ ತೋಪುಗಳ ಬೆಂಕಿಗೆ ಹಿಂದೆ ಸರಿಯಬೇಕಾಯಿತು. ಮುಂದಿನದನ್ನು ಹಡಗುಗಳ ತೋಪುಗಳೇ ತೀರ್ಮಾನಿಸಿದವು: ಸೊಂಗ್‌ಖ್ಲಾ, ಚೋನ್‌ಬುರಿ ಟಾರ್ಪಿಡೊ ದೋಣಿಗಳು ಮುಳುಗಿದವು, 203 ಮಿ.ಮೀ. ತೋಪುಗಳ ಥೋನ್‌ಬುರಿ ಜರ್ಝರಿತವಾಗಿ ನೆಲಕಚ್ಚಿತು. ಹುಡುಕುವುದರಲ್ಲಿ ಗಟ್ಟಿ, ಹೊಡೆಯುವುದರಲ್ಲಿ ಲೊಳಲೊಟ್ಟೆ ಎಂದು ಲ್ವಾರ್ ಬಗ್ಗೆ ಹೇಳಬೇಕಾದ್ದೆಲ್ಲ ಆ ಒಂದು ಬೆಳಗಿನಲ್ಲಿದೆ. ರಾಜಕೀಯವಾಗಿ ಗೆಲುವು ದಕ್ಕಲಿಲ್ಲ. ಜಪಾನ್ ಮಧ್ಯಸ್ಥಿಕೆ ವಹಿಸಿತು, ಮೇ ತಿಂಗಳ ಟೋಕಿಯೊ ಒಪ್ಪಂದದಲ್ಲಿ ಫ್ರೆಂಚರೇ ನೆಲ ಬಿಟ್ಟುಕೊಟ್ಟರು.

ಮೆಡಿಟರೇನಿಯನ್ ಕಡಲಿನಲ್ಲಿ ಹಡಗುಗಳ ಗತಿಯೇ ವಿಮಾನದ ಗತಿಯಾಯಿತು. 1940ರ ಜುಲೈಯಲ್ಲಿ ಮೆರ್ಸ್ ಎಲ್ ಕೆಬೀರ್‌ನಲ್ಲಿ ಬ್ರಿಟಿಷ್ ಗುಂಡಿಗೆ ಡಂಕರ್ಕ್ ಗಾಯಗೊಂಡಿತು. 1942ರ ನವೆಂಬರ್ 27ರಂದು ತೂಲಾನ್‌ನಲ್ಲಿ ಡಂಕರ್ಕ್, ಸ್ಟ್ರಾಸ್‌ಬರ್ಗ್, ಕಮಾಂಡಾಂ ತೆಸ್ತ್ ಮೂರನ್ನೂ ಜರ್ಮನರ ಕೈಗೆ ಸಿಗದಂತೆ ಫ್ರೆಂಚರೇ ಕೆಡಿಸಿಬಿಟ್ಟರು. ಆದರೆ ಕ್ಯಾಟಪಲ್ಟ್ ವಿಮಾನದ ನಿಜವಾದ ಸೋಲು ನಡೆದದ್ದು ನ್ಯೂಯಾರ್ಕಿನಲ್ಲಿ. 1943ರಲ್ಲಿ ರಿಶಲ್ಯೂ ಯುದ್ಧನೌಕೆ ದುರಸ್ತಿಗೆಂದು ಅಲ್ಲಿಗೆ ಹೋದಾಗ ಕ್ಯಾಟಪಲ್ಟ್‌ಗಳನ್ನೂ ಹ್ಯಾಂಗರನ್ನೂ ಕಿತ್ತು, ವಿಮಾನನಿರೋಧಕ ತೋಪುಗಳನ್ನು ಹೆಚ್ಚಿಸಿ, ರೇಡಾರ್ ಅಳವಡಿಸಲಾಯಿತು. ಸುಧಾರಿತ ಲ್ವಾರ್ ಒಂದು ಬಂದಿದ್ದರೂ ಅದನ್ನು ಇಡಲು ಜಾಗವೇ ಇರುತ್ತಿರಲಿಲ್ಲ.

ಯುದ್ಧ ಮುಗಿದ ಮೇಲೂ ಇಂಡೋಚೀನಾದಲ್ಲಿ ಲ್ವಾರ್ ಉಳಿಯಿತಲ್ಲ, ಹಡಗೇ ಅದನ್ನು ರೂಪಿಸಿತೆಂಬ ವಾದಕ್ಕೆ ಇದು ಎದುರಲ್ಲವೇ ಎಂದು ಕೇಳಬಹುದು. ಅಲ್ಲಿ ಅದರ ಜತೆ ಫ್ರೆಂಚ್ ನೌಕಾಪಡೆ ಹಾರಿಸುತ್ತಿದ್ದದ್ದು ಜಪಾನಿಯರಿಂದ ವಶಪಡಿಸಿಕೊಂಡ ಐಚಿ ಇ13ಎ ವಿಮಾನಗಳನ್ನು. ಅವೂ ಹಡಗಿನ ಕ್ಯಾಟಪಲ್ಟ್‌ಗೆಂದೇ ಕಟ್ಟಿದ ಜಲವಿಮಾನಗಳು. ಓಡುದಾರಿ ವಿರಳವಾದ, ಕಾಲುವೆ, ನದೀಮುಖಗಳೇ ತುಂಬಿದ ಆ ನಾಡಿನಲ್ಲಿ, ಎಲ್ಲಿ ಬೇಕಾದರೂ ನೀರಿಗಿಳಿದು ಎಳೆದಾಟವನ್ನು ತಾಳಿಕೊಳ್ಳುವ ಗಟ್ಟಿ ಒಡಲಿಗೆ ಬೇಡಿಕೆಯಿತ್ತು. ಆ ಗಟ್ಟಿತನ ಹಡಗು ಕಲಿಸಿದ್ದೇ.