ಹಳೆಯ ಫಿಲ್ಮ್ ಕ್ಯಾಮೆರಾಗಳ ಸಂಗ್ರಹ

ಹಳೆಯ ಫಿಲ್ಮ್ ಕ್ಯಾಮೆರಾಗಳ ಸಂಗ್ರಹವು ನಿತ್ಯಬಳಕೆಯಿಂದ ಹಿಂದೆ ಸರಿದ ಕ್ಯಾಮೆರಾಗಳನ್ನೂ ಅವುಗಳ ಮಸೂರಗಳನ್ನೂ ಹುಡುಕಿ, ದುರಸ್ತಿಗೊಳಿಸಿ, ಮತ್ತೆ ಬಳಕೆಗೆ ತರುವ ಒಂದು ಹವ್ಯಾಸ. ಸಂಗ್ರಹಕ್ಕೆ ಸೇರಿದ ನಾಣ್ಯ ಅಥವಾ ಅಂಚೆಚೀಟಿ ತನ್ನ ಮೂಲ ಕೆಲಸದಿಂದ ನಿವೃತ್ತವಾಗಿರುತ್ತದೆ. ಕ್ಯಾಮೆರಾ ಹಾಗಲ್ಲ, ಸುಸ್ಥಿತಿಯಲ್ಲಿದ್ದರೆ ಐವತ್ತು ವರ್ಷಗಳ ನಂತರವೂ ಅದು ಚಿತ್ರ ತೆಗೆಯಬಲ್ಲದು.

ಹಿನ್ನೆಲೆ

ಜರ್ಮನಿಯ ಲೈಕಾ ಕ್ಯಾಮೆರಾ 1925ರಲ್ಲಿ ಮಾರುಕಟ್ಟೆಗೆ ಬಂದ ಮೇಲೆ 35 ಮಿ.ಮೀ. ಫಿಲ್ಮ್ ಜನಪ್ರಿಯವಾಯಿತು. ಇದರ ಪ್ರತಿ ಚೌಕಟ್ಟಿನ ಅಳತೆ 24×36 ಮಿ.ಮೀ. ಜಪಾನಿನ ನಿಕಾನ್ ಎಫ್ (1959) ಮತ್ತು ಪೆಂಟಾಕ್ಸ್ ಕೆ1000 (1976) ಮಸೂರ ಬದಲಾಯಿಸಬಹುದಾದ ಪ್ರಸಿದ್ಧ ಮಾದರಿಗಳು. ಭಾರತದಲ್ಲಿ ವಡೋದರದ ನ್ಯೂ ಇಂಡಿಯಾ ಇಂಡಸ್ಟ್ರೀಸ್ ತಯಾರಿಸಿದ ಆಗ್ಫಾ ಕ್ಲಿಕ್ 3 ಅನೇಕ ಕುಟುಂಬಗಳ ಮೊದಲ ಕ್ಯಾಮೆರಾ ಆಗಿತ್ತು. ಇದರಲ್ಲಿ 120 ಸಂಖ್ಯೆಯ ಒಂದು ರೋಲಿಗೆ ಹನ್ನೆರಡು ಚೌಕ ಚಿತ್ರಗಳನ್ನು ತೆಗೆಯಬಹುದು. 1960ರಲ್ಲಿ ಸ್ಥಾಪನೆಯಾದ ಉದಕಮಂಡಲದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ‘ಇಂದು’ ಹೆಸರಿನ ಫಿಲ್ಮ್ ತಯಾರಿಸುತ್ತಿತ್ತು.

ತುಂಗಭದ್ರಾ ಪರಿಸರದಲ್ಲಿ ಛಾಯಾಗ್ರಹಣ

ಈ ಭಾಗದ ಛಾಯಾಗ್ರಹಣ ಫಿಲ್ಮ್‌ಗಿಂತಲೂ ಹಳೆಯದು. ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ಎದುರು ದಡದಲ್ಲಿರುವ ಹಂಪೆಯ ಸ್ಮಾರಕಗಳನ್ನು ಸೇನಾಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಮೇಣದ ಕಾಗದದ ದೊಡ್ಡ ನೆಗೆಟಿವ್‌ಗಳ ಮೇಲೆ ಸೆರೆಹಿಡಿದನು. ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಆಗ ಇದ್ದ ಇಟ್ಟಿಗೆಯ ಶಿಖರ ಆ ಚಿತ್ರದಲ್ಲಿ ಕಾಣುತ್ತದೆ, ಇಂದು ಅದಿಲ್ಲ. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅದೇ ನೋಟಗಳನ್ನು ಮತ್ತೆ ಚಿತ್ರಿಸಿದರು. ಎರಡೂ ಚಿತ್ರಸಮೂಹಗಳನ್ನು ಪಕ್ಕಪಕ್ಕದಲ್ಲಿಟ್ಟಾಗ ಸ್ಮಾರಕಗಳಲ್ಲಿ ಉಳಿದದ್ದೇನು, ಅಳಿದದ್ದೇನು ಎಂಬುದು ತಿಳಿಯುತ್ತದೆ. ನೆರೆಯ ಸಂಡೂರಿನ ಎಂ. ವೈ. ಘೋರ್ಪಡೆಯವರು ಫಿಲ್ಮ್ ಯುಗದ ಕಪ್ಪು-ಬಿಳುಪು ವನ್ಯಜೀವಿ ಛಾಯಾಗ್ರಹಣಕ್ಕೆ ಹೆಸರಾದವರು.

ಬಳಕೆಯ ಕ್ರಮ

ಬೆಳಕುಮಾಪಕ ಇಲ್ಲದ ಅಥವಾ ಕೆಟ್ಟುಹೋದ ಕ್ಯಾಮೆರಾಗೆ ‘ಬಿಸಿಲು 16’ ಸೂತ್ರ ನೆರವಾಗುತ್ತದೆ. ನೆರಳು ಸ್ಪಷ್ಟವಾಗಿ ಬೀಳುವ ಬಿಸಿಲಿನಲ್ಲಿ ದ್ಯುತಿರಂಧ್ರವನ್ನು ಎಫ್/16ಕ್ಕೆ ಇಟ್ಟು, ಷಟರ್ ವೇಗವನ್ನು ಫಿಲ್ಮ್‌ನ ವೇಗಾಂಕಕ್ಕೆ ಸಮೀಪವಾಗಿ ಇಡಬೇಕು. ಐಎಸ್‌ಒ 100 ಫಿಲ್ಮ್‌ಗೆ 1/125 ಸೆಕೆಂಡು. ಹಿರೇಬೆಣಕಲ್ಲಿನ ಬೃಹತ್ ಶಿಲಾಗೋರಿಗಳು ಅಥವಾ ಕೊಪ್ಪಳದ ಕೋಟೆಯಂತಹ ಬಯಲಿನ ವಸ್ತುಗಳಿಗೆ ಇಷ್ಟು ಸಾಕು. ಯಲಬುರ್ಗಾ ಸೀಮೆಯ ಇಟಗಿಯಲ್ಲಿ 1112ರಲ್ಲಿ ನಿರ್ಮಾಣಗೊಂಡ ಮಹಾದೇವ ದೇವಾಲಯದ ಮಂಟಪದೊಳಗೆ ಬೆಳಕು ಕಡಿಮೆ. ಅಲ್ಲಿ ಮುಕ್ಕಾಲಿಯೂ ನಿಧಾನ ಷಟರ್ ವೇಗವೂ ಬೇಕು. ಕುಷ್ಟಗಿ ತಾಲ್ಲೂಕಿನ ಪುರದ ಸೋಮೇಶ್ವರ ದೇವಾಲಯದ ಒಳಭಾಗಕ್ಕೂ ಇದೇ ಕ್ರಮ ಸೂಕ್ತ.

ರೋಲಿನಲ್ಲಿ ಹನ್ನೆರಡು ಅಥವಾ ಮೂವತ್ತಾರೇ ಚಿತ್ರಗಳಿರುವುದರಿಂದ ಬಳಸುವವನು ಮೊದಲು ನೋಡುತ್ತಾನೆ, ಅನಂತರ ಗುಂಡಿ ಒತ್ತುತ್ತಾನೆ. ಚಿತ್ರ ಹೇಗೆ ಬಂದಿದೆ ಎಂಬುದು ಫಿಲ್ಮ್ ಸಂಸ್ಕರಣೆಯಾದ ಮೇಲಷ್ಟೇ ತಿಳಿಯುತ್ತದೆ. ಈ ಮಿತಿ ಮತ್ತು ಕಾಯುವಿಕೆಯೇ ಹವ್ಯಾಸದ ಮುಖ್ಯ ಆಕರ್ಷಣೆ. ಎಂ42 ತಿರುಪಿನ ಹಳೆಯ ಮಸೂರಗಳನ್ನು ಅಡಾಪ್ಟರ್ ಮೂಲಕ ಇಂದಿನ ಕನ್ನಡಿರಹಿತ ಡಿಜಿಟಲ್ ಕ್ಯಾಮೆರಾಗಳಿಗೂ ಜೋಡಿಸಬಹುದು.

ಪರೀಕ್ಷೆ ಮತ್ತು ಸಂರಕ್ಷಣೆ

ಕೊಳ್ಳುವ ಮುನ್ನ ಮಸೂರದ ಮೂಲಕ ಟಾರ್ಚ್ ಬೆಳಕು ಹಾಯಿಸಿ ನೋಡಬೇಕು. ಜೇಡರ ಬಲೆಯಂತಹ ಎಳೆಗಳು ಕಂಡರೆ ಅದು ಬೂಷ್ಟು. ಫಿಲ್ಮ್ ಇಲ್ಲದೆ ಹಿಂಬಾಗಿಲು ತೆರೆದು ಎಲ್ಲ ವೇಗಗಳಲ್ಲಿಯೂ ಷಟರ್ ಪರೀಕ್ಷಿಸಬೇಕು. ಬಹುಕಾಲ ಸುಮ್ಮನಿದ್ದ ಯಂತ್ರದಲ್ಲಿ ಎಣ್ಣೆ ಗಟ್ಟಿಯಾಗಿ ಮೊದಲು ನಿಧಾನ ವೇಗಗಳು ತಪ್ಪುತ್ತವೆ. ಹಿಂಬಾಗಿಲಿನ ಅಂಚಿನ ಸ್ಪಂಜು ಪುಡಿಯಾಗಿದ್ದರೆ ಬೆಳಕು ಸೋರಿ ಫಿಲ್ಮ್ ಹಾಳಾಗುತ್ತದೆ. 1.35 ವೋಲ್ಟ್‌ನ ಪಾದರಸದ ಬ್ಯಾಟರಿಗೆಂದು ರೂಪಿಸಿದ ಬೆಳಕುಮಾಪಕಕ್ಕೆ 1.5 ವೋಲ್ಟ್‌ನ ಬ್ಯಾಟರಿ ಹಾಕಿದರೆ ಅಳತೆ ತಪ್ಪಬಹುದು.

ಚರ್ಮದ ಚೀಲ ತೇವವನ್ನು ಹಿಡಿದಿಡುವುದರಿಂದ ಮಳೆಗಾಲದಲ್ಲಿ ಕ್ಯಾಮೆರಾವನ್ನು ಅದರಲ್ಲಿ ಇಡಬಾರದು. ಸಿಲಿಕಾ ಜೆಲ್ ಹಾಕಿದ ಬಿಗಿಮುಚ್ಚಳದ ಡಬ್ಬಿ ಉತ್ತಮ. ಎರೆಭೂಮಿಯ ಸಣ್ಣ ಧೂಳನ್ನು ಬಟ್ಟೆಯಿಂದ ಉಜ್ಜಿದರೆ ಗಾಜಿನ ಲೇಪನಕ್ಕೆ ಗೀರು ಬೀಳುತ್ತದೆ. ಮೊದಲು ಗಾಳಿಯ ರಬ್ಬರ್ ಬುರುಡೆಯಿಂದ ಊದಿ ತೆಗೆಯಬೇಕು. ತಿಂಗಳಿಗೊಮ್ಮೆಯಾದರೂ ಷಟರ್ ಚಲಾಯಿಸುವುದು ಒಳ್ಳೆಯದು.

ಮಹತ್ವ

ಹಳೆಯ ಕ್ಯಾಮೆರಾ ದೊರೆತಾಗ ಅದರೊಂದಿಗೆ ನೆಗೆಟಿವ್‌ಗಳೂ ದೊರೆಯುವುದುಂಟು. ಕ್ಯಾಮೆರಾಗೆ ಬೆಲೆ ಕಟ್ಟುವವರು ನೆಗೆಟಿವ್‌ಗಳನ್ನು ರದ್ದಿಯೆಂದು ಎಸೆಯುವ ಸಂಭವ ಹೆಚ್ಚು. ಅದೇ ಮಾದರಿಯ ಇನ್ನೊಂದು ಕ್ಯಾಮೆರಾ ಸಿಕ್ಕೀತು. ಊರಿನ ಜಾತ್ರೆ, ಶಾಲೆಯ ಗುಂಪುಚಿತ್ರ, ಬಿದ್ದುಹೋದ ಮನೆಯ ಮುಂಭಾಗ ಇರುವ ನೆಗೆಟಿವ್ ಮತ್ತೊಂದಿಲ್ಲ. ಅದನ್ನು ತಂಪಾದ, ಒಣಗಿದ ಸ್ಥಳದಲ್ಲಿ ಆಮ್ಲರಹಿತ ಕಾಗದದ ಲಕೋಟೆಯಲ್ಲಿಟ್ಟು, ಮೇಲೆ ಸ್ಥಳ ಮತ್ತು ವರ್ಷವನ್ನು ಬರೆದಿಡಬೇಕು. ಕಲ್ಲಿನ ರಥದ ಶಿಖರ ಇಂದು ಕಾಣಸಿಗುವುದು ಅಂತಹ ಒಂದು ನೆಗೆಟಿವ್ ಉಳಿದುಬಂದ ಕಾರಣದಿಂದಲೇ.